ಮೇನ್ ಆಫ್ ಮಾಡುವ ಕೈ

ಜನವರಿ 6, ಸೋಮವಾರ

ಅಕ್ಕಾ, ಹೇಗಿದ್ದೀಯ? ತಿಮ್ಮಯ್ಯ ಭಾವನ ಮಂಡಿನೋವು ಇಳಿಯಿತೆ? ನಿನ್ನ ಮೊಮ್ಮಗಳು ಪುಟ್ಟಿಗೆ ಕೆಮ್ಮು ಬಿಟ್ಟಿತೆ? ಇಲ್ಲಿ ಮಾಯಮ್ಮ ಚೆನ್ನಾಗಿದ್ದಾಳೆ. ನನ್ನ ಕಟ್ಟಿಕೊಂಡ ತಪ್ಪಿಗೆ ಒಸಿ ಸೊರಗಿದ್ದಾಳೆ, ಅಷ್ಟೆ. ನಾನು... ಬಿಡು. ಡೈರಿಯಲ್ಲೇ ನಿನಗೆ ಬರೆಯುತ್ತಿದ್ದೇನೆ, ಅಂಚೆಗೆ ಹಾಕುವುದಿಲ್ಲ. ತಮ್ಮ ಐವತ್ತಾರರಲ್ಲಿ ಪರೀಕ್ಷೆ ಕಟ್ಟಿದ್ದಾನೆ ಅಂತ ನೀನು ಮಾಗಡಿಯೆಲ್ಲ ಸಾರುತ್ತೀಯ.

ನೆಟ್‌ವರ್ಕಿಂಗ್ ಪರೀಕ್ಷೆ. ರಾಮನಗರದ ಟ್ರೈನಿಂಗ್ ಸೆಂಟರಿನಲ್ಲಿ. ಬರೆಯುವುದೇನೂ ಇಲ್ಲ, ಕೈಯಲ್ಲೇ ಮಾಡಿ ತೋರಿಸಬೇಕು — ರೂಟರ್, ಕೇಬಲ್, ಕಂಪ್ಯೂಟರ್. ಹಾರೋಹಳ್ಳಿ ಫ್ಯಾಕ್ಟರಿಗೆ ಎಲೆಕ್ಟ್ರಿಷಿಯನ್ ಆಗಿ ಸೇರಿದವನು ನಾನು. ನೆಟ್‌ವರ್ಕ್ ಬಂದಾಗ ನೋಡಿ ನೋಡಿ ಕಲಿತೆ. ಅಲ್ಲಿನ ಒಂದೊಂದು ಕೇಬಲೂ ನಾನೇ ಎಳೆದದ್ದು. ಈಗ ಮ್ಯಾನೇಜರ್ ನರೇಂದ್ರ ಹೇಳುತ್ತಾನೆ, “ಚಲುವಯ್ಯನೋರೆ, ನಿಮ್ ಕೆಲ್ಸ ಚೆಂದಾಗೇ ಐತೆ. ಆದ್ರೆ ಆಡಿಟ್‌ನೋರು ಸರ್ಟಿಫಿಕೇಟ್ ಕೇಳ್ತಾರೆ. ಏಪ್ರಿಲ್ ಒಳ್ಗೆ ತರ್ದಿದ್ರೆ ನಿಮ್ಮುನ್ನ ಜನರೇಟರ್ ಶೆಡ್ಡಿಗೆ ಹಾಕ್ಬೇಕಾಯ್ತದೆ.”

ಆ ಹೊಗೆಯಲ್ಲಿ ಕೂತು ರಿಟೈರ್ ಆಗಬೇಕಾ?

ಜನವರಿ 19, ಭಾನುವಾರ

ಫ್ಯಾಕ್ಟರಿಯ ಹಳೇ ರೂಟರ್ ಎರಡು ತಂದಿದ್ದೇನೆ. ಬೆಳಿಗ್ಗೆಯಿಂದ ಕಮ್ಯಾಂಡ್ ಹೊಡೆದೆ. ರೂಟರಿಗೆ ಹೇಳಿದ್ದೆಲ್ಲ ‘ಸೇವ್’ ಮಾಡುವ ತನಕ ಬರೀ ಬಾಯಿಮಾತು, ಅಕ್ಕ. ಕರೆಂಟ್ ಹೋದರೆ ಮರೆತುಬಿಡುತ್ತದೆ.

ಇನ್ನೇನು ಮುಗಿಯಿತು ಅನ್ನುವಾಗ — ಟಕ್. ಎಲ್ಲ ಹೋಯಿತು. ಮಾಯಮ್ಮ ಫ್ಯಾನ್ ಒರೆಸುವುದಕ್ಕೆ ಮೇನ್ ಆಫ್ ಮಾಡಿದ್ದಳು. ಕೂಗಾಡಿದೆ.

“ಮೇನ್ ಆಫ್ ಮಾಡ್ದೆ ಏನುನ್ನೂ ಮುಟ್ಬ್ಯಾಡ ಅಂತ ಯೋಳ್ಕೊಟ್ಟೋರು ಯಾರು? ನೀವೇ ತಾನೆ?”

ನಾನೇ. ಹಿಂದೆ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಕರಿಯಪ್ಪ “ಒಂದ್ ನಿಮಿಷದ್ ಕೆಲ್ಸ ಕಣ್ಲಾ” ಅಂತ ಮೇನ್ ಆಫ್ ಮಾಡದೆ ಪ್ಯಾನೆಲಿಗೆ ಕೈಯಿಟ್ಟ. ನನ್ನ ಕಣ್ಣೆದುರೇ ಹೋದ. ಅವತ್ತಿನಿಂದ ನನಗೆ ಅದೊಂದೇ ಮಂತ್ರ.

ಫೆಬ್ರವರಿ 8, ಸಂಜೆ

ಫೇಲ್.

ಎಲ್ಲ ಟೈಪ್ ಮಾಡಿ ಆಗಿತ್ತು. ಒಂದು ಕೇಬಲ್ ಕಿತ್ತು ಪಕ್ಕದ ತೂತಿಗೆ ಹಾಕಿ ಸೇವ್ ಮಾಡುವುದಷ್ಟೇ ಬಾಕಿ. ಕೇಬಲ್ ಮುಟ್ಟುವ ಮೊದಲು ನನ್ನ ಬಲಗೈ ತಾನಾಗಿ ಹೋಗಿ ಬೋರ್ಡಿನ ಸ್ವಿಚ್ ಆಫ್ ಮಾಡಿತು!

ಪರೀಕ್ಷೆ ನಡೆಸುವ ಸಾಬಿರಾ ಮೇಡಂ ತಲೆ ಮೇಲೆ ಕೈ ಹೊತ್ತರು. “ಅಯ್ಯೋ ಅಂಕಲ್, ಆ ಕೇಬಲ್ ಏನ್ ಶಾಕ್ ಹೊಡೆಯಾಕಿಲ್ಲ! ಯಾಕ್ ಆಫ್ ಮಾಡ್ಬುಟ್ರಿ?”

ಗೊತ್ತು ತಾಯಿ. ನನಗೆ ಗೊತ್ತು, ಕೈಗೆ ಗೊತ್ತಿಲ್ಲ.

ಕನಕಪುರದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಆ ಕೈಯನ್ನೇ ನೋಡುತ್ತಾ ಬಂದೆ. ಥೂ.

ಫೆಬ್ರವರಿ 10

ಮಾರ್ಚ್ ಕೊನೆಗೆ ಇನ್ನೊಂದು ಸಲ ಕೂರಬಹುದಂತೆ. ಅದೂ ಹೋದರೆ ಶೆಡ್ಡೇ. ಮಾಯಮ್ಮ ಮರದ ಮುದ್ದೆಕೋಲು ಹಿಡಿದು ಪಕ್ಕದಲ್ಲಿ ಕೂತಿದ್ದಾಳೆ. ಕೈ ಸ್ವಿಚ್ಚಿನ ಕಡೆ ಹೋದರೆ ಏಟು.

“ಮದ್ವೆಯಾದಾಗ್ಲಿಂದ ಇದ್ದ ಸಿಟ್ಟೆಲ್ಲ ತೀರುಸ್ಕೊತಿದ್ದೀಯಾ?”

“ಸುಮ್ಕೆ ಟೈಪ್ ಮಾಡಿ. ಇನ್ನೂ ಅರ್ಧನೂ ತೀರಿಲ್ಲ.”

ಫೆಬ್ರವರಿ 23

ಬೆರಳಿನ ಗಿಣ್ಣು ಊದಿದೆ. ಇವತ್ತೂ ಹೋಯಿತು ಕೈ. ಎಮ್ಮೆಯಾದರೂ ಇಷ್ಟರಲ್ಲಿ ಕಲಿಯುತ್ತಿತ್ತು. ಬರೆಯಲು ಮನಸ್ಸಿಲ್ಲ.

ಮಾರ್ಚ್ 16

ವಾರದಿಂದ ಏಟು ಬಿದ್ದಿಲ್ಲ. ಮಾಯಮ್ಮನಿಗೆ ಬೇಜಾರು.

ಮಾರ್ಚ್ 29, ಸಂಜೆ

ಪಾಸ್, ಅಕ್ಕ! ನಾಳೆ ಯುಗಾದಿ, ಇವತ್ತು ಪಾಸ್!

ಬಲಗೈ ಕೇಬಲಿಗೇ ನೇರ ಹೋಯಿತು. ಕಿತ್ತಿತು, ಹಾಕಿತು. ಸೇವ್. ಸಾಬಿರಾ ಮೇಡಂ ಬೇಕೆಂದೇ ಆಫ್ ಮಾಡಿ ಆನ್ ಮಾಡಿದರು. ಎಲ್ಲ ಇದ್ದ ಹಾಗೇ ಇತ್ತು. “ಅಂಕಲ್, ಕೈ ಬುದ್ಧಿ ಕಲಿತೈತೆ” ಅಂದರು. ನರೇಂದ್ರ ಫೋನಿನಲ್ಲೇ ಹೇಳಿದ — ನೆಟ್‌ವರ್ಕ್ ರೂಮ್ ನಿಮ್ಮದೇ.

ಮಾರ್ಚ್ 31, ಮಧ್ಯಾಹ್ನ

ಯುಗಾದಿ ಮುಗಿದು ಇವತ್ತು ಹೊಸತೊಡಕು. ಬಾಡಿನ ಮಸಾಲೆ ಅರೆಯುತ್ತಿದ್ದ ಮಿಕ್ಸಿ ನಿಂತಿತು. ಪ್ಲಗ್ ಹಾಕುವ ಬೋರ್ಡಿನೊಳಗೆ ವೈರ್ ಸಡಿಲ. ಒಂದು ನಿಮಿಷದ ಕೆಲಸ. ಬೋರ್ಡ್ ಬಿಚ್ಚಿದೆ, ಕೈ ಹಾಕಿದೆ.

ಮೇನ್ ಆಫ್ ಮಾಡಿರಲಿಲ್ಲ. ಮಾಡಬೇಕು ಅಂತ ಕೈಗೆ ಅನ್ನಿಸಲೇ ಇಲ್ಲ.

ಕರೆಂಟ್ ಹಿಡಿದುಕೊಂಡುಬಿಟ್ಟಿತು, ಅಕ್ಕ. ಕೂಗಲೂ ಆಗಲಿಲ್ಲ. ಮಾಯಮ್ಮ ಮುದ್ದೆಕೋಲಿನಿಂದ ಮಣಿಕಟ್ಟಿಗೆ ಬೀಸಿ ಹೊಡೆದಳು. ದೂರ ಹೋಗಿ ಬಿದ್ದೆ. ಆಮೇಲೆ ಅಲ್ಲೇ ಒಲೆ ಮುಂದೆ ಕುಸಿದು ಕೂತು ಅತ್ತಳು. ಅತ್ತು ಎದ್ದು, ರೂಟರ್ ಎರಡನ್ನೂ ಅಟ್ಟಕ್ಕೆ ಎಸೆದಳು.

“ನಾಳಿಂದ ಉಲ್ಟಾ ಪಾಠ. ಮೇನ್ ಆಫ್ ಮಾಡ್ದೆ ಏನಾರ ಮುಟ್ಟಿದ್ರೆ ಏಟು.”

ಈ ಹಾಳೆಗಳನ್ನೆಲ್ಲ ಹರಿದು ಅಂಚೆಗೆ ಹಾಕುತ್ತೇನೆ. ಬೈಯುವುದಿದ್ದರೆ ಬೈದೇ ಬರಿ, ಆದರೆ ಬೇಗ ಬರಿ. ಪಾಸಾದದ್ದನ್ನೂ ಒಂದು ಸಾಲು ಮೆಚ್ಚಿ ಬರಿ, ಮಾಯಮ್ಮನಿಗೆ ಓದಿ ಹೇಳುತ್ತೇನೆ. ಇನ್ನೂ ಬರೆಯುವುದಿತ್ತು, ಆದರೆ ಕೈ ಜುಮ್ಮೆನ್ನುವುದು ನಿಂತಿಲ್ಲ, ಪೆನ್ನು ಜಾರುತ್ತಿದೆ.