ಡುಬುವಿಗೆ ಹಚ್ಚಿದ ಸೋಯಾ ಗೊಜ್ಜು

ಯೇಚೊನ್,
ಸೆಪ್ಟೆಂಬರ್ 23

ಪ್ರೀತಿಯ ಮಗ ಇನ್‌ಸೊಪ್‌ಗೆ,

ಹೇಗಿದ್ದೀಯಪ್ಪ? ಬೂಟು ಕಚ್ಚಿದ ಹಿಮ್ಮಡಿ ವಾಸಿಯಾಯಿತೇ? ತರಬೇತಿ ಶಿಬಿರದಲ್ಲಿ ಹೊಟ್ಟೆ ತುಂಬ ಹಾಕುತ್ತಾರೆಯೇ ಎಂದು ನಿನ್ನ ಅಮ್ಮ ಕೇಳುತ್ತಿದ್ದಾಳೆ. ನೀನು ಸೊರಗಿ ಬಂದರೆ ಸೈನ್ಯದ ಮೇಲೇ ಯುದ್ಧ ಸಾರುತ್ತಾಳಂತೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಕಳೆದ ಭಾನುವಾರ ಫೋನಿನಲ್ಲಿ, ನಿನ್ನ ನಾಯಿ ಡುಬುವೂ ಚೆನ್ನಾಗಿದ್ದಾಳೆ ಎಂದೆ. ಅದು ಸುಳ್ಳು.

ತಿಂಗಳ ಮೊದಲಲ್ಲಿ ಅಜ್ಜನ ಸಮಾಧಿಯ ಹುಲ್ಲು ಕೊಯ್ಯಲು ಗುಡ್ಡಕ್ಕೆ ಹೋದಾಗ ಅವಳೂ ಬಂದಿದ್ದಳು. ಮರುದಿನ ನಿನ್ನ ಅಮ್ಮ ಅವಳ ಹೊಟ್ಟೆ ಸವರುವಾಗ ಮೊಲೆಯ ಪಕ್ಕ ಎರಡು ಗಂಟು ಸಿಕ್ಕವು. ಕಣಜ ಕಚ್ಚಿದೆ ಎಂದು ನಾನೇ ತೀರ್ಪು ಕೊಟ್ಟೆ. ಸಮಾಧಿಯ ಹುಲ್ಲಿಗೆ ಹೋದವರು ಪ್ರತಿ ವರ್ಷ ಕಚ್ಚಿಸಿಕೊಂಡೇ ಬರುತ್ತಾರಲ್ಲ. ಕಣಜ ಕಚ್ಚಿದಾಗ ನನ್ನ ಅಮ್ಮ ನಮಗೆ ಮಾಡುತ್ತಿದ್ದಂತೆ ಭರಣಿಯಿಂದ ಸೋಯಾ ಗೊಜ್ಜು ತೆಗೆದು, ಡುಬುವನ್ನು ಅಂಗಳದಲ್ಲಿ ಅಂಗಾತ ಮಲಗಿಸಿ ಧಾರಾಳವಾಗಿ ಮೆತ್ತಿದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಒಕ್‌ಸುನ್ ಅಜ್ಜಿ ಗೋಡೆಯ ಮೇಲಿಂದ ಇಣುಕಬೇಕೆ! "ಅಲ್ವೋ, ಹುಡ್ಗ ಮಿಲಿಟ್ರಿಗೆ ಹೋಗಿ ವಾರ ಆಗಿಲ್ಲ, ಆಗ್ಲೇ ಅವ್ನ ನಾಯಿಗೆ ಗೊಜ್ಜು ಹಚ್ತಿದೀಯಾ? ಒಲೆ ಹಚ್ಚೋವಾಗ ನನ್ನೂ ಕರಿಯಪ್ಪ!"

ಬೀದಿಯೆಲ್ಲ ನಕ್ಕಿತು. ಅಜ್ಜಿಯ ತಪ್ಪಲ್ಲ. ನಾಯಿಗೆ ಗೊಜ್ಜು ಹಚ್ಚುವುದೆಂದರೆ ನಮ್ಮ ಕಡೆ ಕೊಯ್ದು ಬೇಯಿಸುವುದೆಂದೇ ಅರ್ಥ. ತೋಫುವಿನಷ್ಟು ಬೆಳ್ಳಗಿದ್ದಾಳೆಂದು ನೀನು ಆ ಮರಿಗೆ ಡುಬು ಎಂದು ಹೆಸರಿಟ್ಟ ದಿನದಿಂದ ನಾನೇ ಎಷ್ಟು ಸಲ ಹೇಳಿಲ್ಲ, "ಚಪ್ಪಲಿ ಕಚ್ಚಿದ್ರೆ ಗೊಜ್ಜು ಹಚ್ಬಿಡ್ತೀನಿ ನೋಡು" ಎಂದು! ನೀನು ಅವಳನ್ನು ಅವಚಿಕೊಂಡು ಕೋಣೆಗೆ ಓಡುತ್ತಿದ್ದೆ. ನಾನು ನಗುತ್ತಿದ್ದೆ.

ಗಂಟು ಇಳಿಯಲಿಲ್ಲ. ಆಸ್ಪತ್ರೆಗೆ ಒಯ್ಯಿರಿ ಎಂದು ನಿನ್ನ ಅಮ್ಮ ಗೋಗರೆದಳು. ನಾಯಿಯನ್ನು ಎತ್ತಿಕೊಂಡು ಆ ಬೀದಿ ದಾಟಲು ನನಗೆ ನಾಚಿಕೆ, ಮಗನೇ. ಇಳಿಯುತ್ತದೆ ಬಿಡು ಎನ್ನುತ್ತಾ, ಕತ್ತಲಾದ ಮೇಲೆ ಮತ್ತೆ ಮತ್ತೆ ಗೊಜ್ಜು ಮೆತ್ತುತ್ತಾ ದಿನ ತಳ್ಳಿದೆ. ಕೊನೆಗೆ, ನಿನ್ನ ಫೋನ್ ಬಂದ ಮರುದಿನ, ನಿನ್ನ ಅಮ್ಮ ಬೈದು ಅಟ್ಟಿದಳು. ಅಲ್ಲಿನ ವೈದ್ಯೆ ಮೂಗರಳಿಸಿ, "ಏನಿದು ವಾಸನೆ?" ಎಂದಳು. ಈಗಷ್ಟೇ ಊಟ ಮಾಡಿ ಬಂದೆ ಎಂದೆ. ಸೂಜಿ ಚುಚ್ಚಿ ಪರೀಕ್ಷಿಸಿದಳು. ಎರಡೂ ಕೆಟ್ಟ ಗಂಟುಗಳೇ. ಶ್ವಾಸಕೋಶಕ್ಕೆ ಇನ್ನೂ ಹಬ್ಬಿಲ್ಲ, ಕತ್ತರಿಸಿ ತೆಗೆಯಬಹುದು. ಆದರೆ ವಯಸ್ಸಾಗಿದೆ, ಅರಿವಳಿಕೆಯಿಂದ ಏಳದೆಯೂ ಹೋಗಬಹುದು. "ಕಂಡ ತಕ್ಷಣ ತರ್ಬೇಕಿತ್ತು. ಇನ್ನು ತಡ ಮಾಡ್ಬೇಡಿ" ಎಂದಳು. ನಾಯಿ ಮಗನದು, ಭಾನುವಾರ ಅವನ ಕೈಗೆ ಫೋನ್ ಸಿಗುತ್ತದೆ, ಕೇಳಿ ಹೇಳುತ್ತೇನೆ ಎಂದೆ. ಹಾಗೆಂದಾಗ ಎದೆ ಹಗುರವಾಯಿತು, ಭಾರ ನಿನ್ನ ತಲೆಗೆ ಹೋಯಿತಲ್ಲ ಎಂದು. ನನಗೆ ಅತಿ ಹೆಚ್ಚು ನಾಚಿಕೆ ತರುವುದು ಅದೇ.

ಕತ್ತರಿಸಲು ಒಪ್ಪಲೇ, ಬೇಡವೇ, ಯೋಚಿಸಿ ಭಾನುವಾರ ಹೇಳು. ಬಂದೂಕು ಕೈಯಲ್ಲಿರುವಾಗ ಮಾತ್ರ ಇದನ್ನು ಯೋಚಿಸಬೇಡ. ಮೈ ಬೆಚ್ಚಗಿಟ್ಟುಕೋ, ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಗ್ವೊನ್ ತೆಸೊಕ್

ಮ.ವಿ.: ಲಕೋಟೆ ಅಂಟಿಸುವ ಮುಂಚೆ ಅವಳನ್ನು ಇನ್ನೊಮ್ಮೆ ತಡವಿ ನೋಡಿದೆ. ತೊಡೆಯ ಸಂದಿಯಲ್ಲಿ ಹೊಸ ಗಂಟು. ವೈದ್ಯೆಗೆ ಫೋನ್ ಮಾಡಿ, ನಾಳೆಯೇ ಮಾಡಿ ಎಂದುಬಿಟ್ಟೆ. ಮೇಲೆ ಕೇಳಿದ್ದಕ್ಕೆ ನೀನು ಉತ್ತರ ಕೊಡಬೇಕಾಗಿಲ್ಲ. ಈ ಪತ್ರ ನಿನಗೆ ತಲುಪುವಷ್ಟರಲ್ಲಿ ಡುಬು ಎದ್ದಿರುತ್ತಾಳೆ, ಇಲ್ಲವೇ ಇರುವುದಿಲ್ಲ. ಏಳದಿದ್ದರೆ ಹೂಂ ಎಂದವನು ನಾನು, ನೀನಲ್ಲ. ಭಾನುವಾರ ಫೋನ್ ನಾನೇ ಎತ್ತುತ್ತೇನೆ.