ಒಂದೇ ಡಬ್ಬದಲ್ಲಿ ಇಬ್ಬರ ಪಾಲು

ಜೂನ್ 4

ಬೆಳಿಗ್ಗೆಯಿಂದ ಎಕ್ವಡಾರಿಗೆ ಪೊಟ್ಟಣ ಕಟ್ಟುವ ಕೆಲಸ. ಪಿಂಗಾಣಿಯ ಬೆರಳಟೋಪಿ — ಹೊಲಿಯುವಾಗ ಬೆರಳ ತುದಿಗೆ ಹಾಕುವಂಥದ್ದೇ, ಆದರೆ ಕೂಡಿಡುವವರು ಅದರಲ್ಲಿ ಹೊಲಿಯುವುದಿಲ್ಲ. ಒಳಗೂ ಹತ್ತಿ, ಹೊರಗೂ ಹತ್ತಿ, ಆಮೇಲೆ ಖಾಲಿ ಮಾತ್ರೆ ಡಬ್ಬಿ. ಪೇಪರು ಸುತ್ತಿದರೆ ತೂಕ. ತೂಕ ಏರಿದರೆ ಅಂಚೆ ದರವೂ ಏರುತ್ತದೆ. ಇದನ್ನೆಲ್ಲ ಅಲ್ಲಿಂದ ನನ್ನೊಡನೆ ಟೋಪಿ ಅದಲುಬದಲು ಮಾಡುವ ಲಸ್ತೇನಿಯಾಳಿಗೆ ಕಲಿಸಿದ್ದೇ ನಾನು. ಅವಳ ಮುಖ ಕಂಡಿಲ್ಲ. ಆದರೂ ಎಷ್ಟೋ ವರ್ಷದ ಗೆಳತಿ. ನನ್ನವಳು.

ಪಕ್ಕದ ಮನೆಯ ಜುಲ್ಮಾ ಫೋನು ಹಿಡಿದು ಬಂದಳು.

"ಲಸ್ತೇನಿಯಾ ವಾಯ್ಸ್ ಮೆಸೇಜ್ ಕಳ್ಸಿದಾಳೆ ಕಣೇ. ಎಷ್ಟ್ ನಗಿಸ್ತಾಳೆ ಮಾರಾಯ್ತಿ."

ನನಗೆ ಬರೀ ಅಕ್ಷರ ಕಳಿಸುತ್ತಾಳೆ. ದನಿ ಇಲ್ಲ. ಜುಲ್ಮಾಳ ಗಂಡ ರೂಬೆನ್ ತೀರಿಕೊಂಡ ಮೇಲೆ, ಪಾಪ ಒಂಟಿ ಅಂತ ಅವಳಿಗೆ ಈ ಕೂಡಿಡುವ ಹುಚ್ಚು ಹಿಡಿಸಿದವಳು ನಾನು. ಗುರುವಿಗೇ ತಿರುಮಂತ್ರ.

ಜೂನ್ 5

ಹೊಟ್ಟೆಕಿಚ್ಚಲ್ಲ. ಸುಮ್ಮನೆ ಬೇಜಾರು, ಅಷ್ಟೇ.

ಸುಳ್ಳು. ಹೊಟ್ಟೆಕಿಚ್ಚೇ.

ಜೂನ್ 27

ಡಬ್ಬ ಬಂತು. ಅಲ್ಲಿ ಅಂಚೆ ದರ ಏರಿದೆ ಅಂತ ಇಬ್ಬರದ್ದೂ ಒಂದರಲ್ಲೇ, ನನ್ನ ವಿಳಾಸಕ್ಕೆ. ಜುಲ್ಮಾಳದೇ ಐಡಿಯಾ. ನನ್ನ ಪಾಲಿಗೆ ಒಂದು ಇಗರ್ಜಿ ಚಿತ್ರದ್ದು. ಚೆನ್ನಾಗಿದೆ... ಪರವಾಗಿಲ್ಲ.

ಜುಲ್ಮಾ ಹೆಸರಿನ ಪೊಟ್ಟಣ ದಪ್ಪ. ಬಿಚ್ಚಬಾರದಿತ್ತು. ಬಿಚ್ಚಿದೆ. ಹಸಿರು ಗಿಳಿ ಕೂತ ಟೋಪಿ. ಇದನ್ನೇ ನಾನು ಎಷ್ಟು ಸಲ ಕೇಳಿದ್ದೆ! ಎಲ್ಲೂ ಸಿಗುತ್ತಿಲ್ಲ ಎಂದು ಬರೆದಿದ್ದಳು ಲಸ್ತೇನಿಯಾ. ಜುಲ್ಮಾಳಿಗೆ ಕೊಡಲು ಮಾತ್ರ ಸಿಕ್ಕಿತೋ?

ಗೋಡೆಯಾಚೆಯಿಂದ ಜುಲ್ಮಾ ಕೂಗಿದಳು, "ಎಲ್ಬಿಯಾ, ಬಂತೇನೇ?"

"ಇಲ್ವೇ" ಎಂದೆ. ಬಾಯಿ ತಾನಾಗಿ ಹೇಳಿತು.

ಜುಲೈ 9

ಡಬ್ಬ ದಾರಿಯಲ್ಲೇ ಕಳೆಯಿತು ಅಂದುಕೊಂಡಿದ್ದಾಳೆ ಜುಲ್ಮಾ. ಸಾದಾ ಅಂಚೆ. ನಂಬರಿಲ್ಲ, ಹುಡುಕಲು ದಾರಿಯಿಲ್ಲ. ಉಳಿತಾಯಕ್ಕೆ ಅಂತ ನಾವೇ ಹಾಗೆ ಆರಿಸಿಕೊಂಡಿದ್ದು. ನನಗೆ ಒಳ್ಳೆಯದೇ ಆಯಿತು.

ಗಿಳಿ ನನ್ನ ಬೆರಳಿಗೆ ಸರಿಯಾಗಿ ಕೂರುತ್ತದೆ. ಬಾಗಿಲ ಬಳಿ ಸದ್ದಾದರೆ ಕಿತ್ತು ಜೇಬಿಗೆ ಹಾಕಬೇಕು. ಕಳ್ಳನ ಮನಸ್ಸು ಹುಳ್ಳಗೆ. ಕಪಾಟಿನಲ್ಲಿ ಉಳಿದವುಗಳ ಜೊತೆ ಇಡುವಂತೆಯೂ ಇಲ್ಲ. ನೋಡುವವಳು ಇನ್ಯಾರು, ಅವಳೊಬ್ಬಳೇ.

ಜುಲೈ 15

ಮಳೆ. ಜುಲ್ಮಾ ಕರಿದ ರೊಟ್ಟಿ ತಂದಳು. ಜೊತೆಗೆ ಕರವಸ್ತ್ರದಲ್ಲಿ ಸುತ್ತಿದ್ದು ಏನೋ. ರೂಬೆನ್‌ನ ಅಮ್ಮನ ಬೆಳ್ಳಿ ಬೆರಳಟೋಪಿ. ಆಕೆ ಅದರಲ್ಲೇ ಹೊಲಿದು ಮಕ್ಕಳನ್ನು ಸಾಕಿದ್ದು.

"ಒಂದೇ ಡಬ್ಬದಲ್ಲಿ ತರ್ಸೋಣ ಅಂದೋಳು ನಾನು. ನನ್ನಿಂದ ನಿಂದೂ ಹೋಯ್ತು. ಇದನ್ನಿಟ್ಕೋ."

"ಬೇಡ್ವೇ, ಹುಚ್ಚಿ."

"ಸುಮ್ನೆ ಇಟ್ಕೊಳೇ. ನಂಗೆ ನಿದ್ದೆ ಬರ್ತಿಲ್ಲ."

ಇಟ್ಟುಕೊಂಡೆ. ರೊಟ್ಟಿಯನ್ನೂ ತಿಂದೆ.

ಜುಲೈ 16, ಬೆಳಿಗ್ಗೆ

ಗಿಳಿಯನ್ನು ಮತ್ತೆ ಕಟ್ಟಿದೆ. ಡಬ್ಬ ಎಸೆದಿರಲಿಲ್ಲ, ಎಕ್ವಡಾರಿನ ಅಂಚೆಚೀಟಿ ಹಾಗೇ ಇದೆ. ಮೇಲೆ ಹೊಸ ಟೇಪು. ಇವತ್ತು ಬಂತು ಎಂದರೆ ಆಯಿತು. ಯಾರಿಗೂ ನಷ್ಟವಿಲ್ಲ.

ಜುಲೈ 16, ಮಧ್ಯಾಹ್ನ

ಜುಲ್ಮಾ ತನ್ನ ಅಡುಗೆಮನೆ ಮೇಜಿನ ಮೇಲೆ ಬಿಚ್ಚಿದಳು. ಮಗುವಿನಂತೆ ನಗುತ್ತಿದ್ದಳು. ಹತ್ತಿ ತೆಗೆಯುವಾಗ ಕೈ ನಿಂತಿತು. ಹತ್ತಿಯ ಮೇಲೆ ಕೆಂಪು ದಾರ, ಎರಡೆಳೆ, ಕೊನೆಗೆ ನಾನು ಹಾಕುವ ದರ್ಜಿ ಗಂಟು. ಯಾವಾಗ ಕಟ್ಟಿದೆನೋ ಗೊತ್ತೇ ಆಗಲಿಲ್ಲ. ಜೀವಮಾನವೆಲ್ಲ ಹೊಲಿದ ಕೈ ನನ್ನದು.

ಗಿಳಿಯನ್ನು ನೋಡಲಿಲ್ಲ ಅವಳು. ಗಂಟನ್ನೇ ನೋಡಿದಳು. ಆಮೇಲೆ ಮಾಟೆ ಚಹಾದ ಎಲೆಗೆ ಬಿಸಿನೀರು ಹೊಯ್ದು ಸೋರೆಬುರುಡೆಯನ್ನು ನನ್ನ ಕಡೆ ಸರಿಸಿದಳು.

"ಕುಡಿ, ಆರೋಗುತ್ತೆ."

ಕುಡಿದೆ. ನಾಲಗೆ ಸುಟ್ಟಿತು.

"ಲಸ್ತೇನಿಯಾ ದಾರ ಕಟ್ಟಲ್ಲ ಕಣೇ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಿದ್ರೆ ಕೊಟ್ಟ್‌ಬಿಡ್ತಿದ್ದೆ. ಗಿಳಿ ಏನ್ ಮಹಾ."

ಜೇಬಿನಿಂದ ಬೆಳ್ಳಿಯದನ್ನು ತೆಗೆದು ಮೇಜಿನ ಮೇಲಿಟ್ಟೆ. ಅವಳು ಮುಟ್ಟಲಿಲ್ಲ. ಎದ್ದು ಬಂದೆ.

ನಾಚಿಕೆ ಆಗಬೇಕಿತ್ತು. ಆಗಿದೆ. ಆದರೆ ಅದಕ್ಕಿಂತ ಹೆಚ್ಚಾಗಿ ಉರಿಯುತ್ತಿರುವುದು ಇದು — ಏನ್ ಮಹಾ ಅನ್ನುತ್ತಾಳಲ್ಲ. ಹಾಗೆ ಕೊಟ್ಟುಬಿಡಲು ಬರುತ್ತದಲ್ಲ ಅವಳಿಗೆ. ನನಗೆ ಯಾಕೆ ಬರಲಿಲ್ಲ? ಇದಕ್ಕೂ ಅವಳ ಮೇಲೇ ಹೊಟ್ಟೆಕಿಚ್ಚು.

ಅಂಗಳದಲ್ಲಿ ಹೆಜ್ಜೆ ಸದ್ದು. ಅವಳೇ. ಬಾಗಿಲು ತೆರೆದು ಏನಂತ ಹೇಳಲಿ?