ನಿಧಾನಕ್ಕೆ ತಿರುಗಿದ ಪ್ಲೇಟು

ಕುಷ್ಟಗಿ
ಶುಕ್ರವಾರ, ೧೨ ನವೆಂಬರ್ ೧೯೪೩

ಸೌಭಾಗ್ಯವತಿ ಹುಲಿಗವ್ವಳಿಗೆ ಅವಳ ಗಂಡ ಕನಕಪ್ಪ ಬರೆಯುವುದು. ನಾನಿಲ್ಲಿ ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ರೊಟ್ಟಿ ಬಡಿಯುವುದನ್ನು ಕಲಿತಿದ್ದೇನೆ. ದುಂಡಗೆ ಬರುವುದಿಲ್ಲ, ಆದರೆ ಹೊಟ್ಟೆಗೆ ಅದರ ಆಕಾರ ತಿಳಿಯುವುದಿಲ್ಲವಲ್ಲ.

ಪಂಚಮಿಗೆಂದು ಸಿದ್ದಾಪುರಕ್ಕೆ ಹೋದವಳು ದೀಪಾವಳಿ ಕಳೆದರೂ ಬರಲಿಲ್ಲ. ನಡುವೆ ನಾನು ಬರೆದ ಎರಡು ಕಾಗದಗಳಿಗೆ ನೀನು ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ಸರಿ. ಸಾಲಿ ತಪ್ಪಿಸಿದ ಹುಡುಗನ ಅಪ್ಪನಿಗೆ ಬರೆಯುವ ನೋಟೀಸಿನಂತೆ ಬರೆದಿದ್ದೆ. ನಿನಗೆ ಅಕ್ಷರ ಕಲಿಸಿದ ಗುರು ನಾನೇ ಎಂಬ ಸೊಕ್ಕು ನನಗಿತ್ತು. ಇವತ್ತು ಶುಕ್ರವಾರ, ಸಾಲಿಗೆ ವಾರದ ರಜೆ. ಬೆಳಗಿನಿಂದ ಕೂತು ಈ ಕಾಗದವನ್ನು ಮೂರನೆಯ ಸಲ ಶುರು ಮಾಡಿದ್ದೇನೆ.

ಗ್ರಾಮಫೋನಿನ ಸುದ್ದಿ ಹೇಳಬೇಕು. ಅದು ನಿನ್ನದು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ನಿನ್ನ ಸೋದರಮಾವ ವಿರುಪಣ್ಣ ನಮ್ಮ ಮದುವೆಯಲ್ಲಿ ನಿನ್ನ ಕೈಗೇ ಕೊಟ್ಟದ್ದು. ಹುಬ್ಬಳ್ಳಿಯಲ್ಲಿ ಯಾರೋ ಇಂಗ್ಲಿಷ್ ದೊರೆ ಮನೆ ಬಿಟ್ಟು ಹೋಗುವಾಗ ಮಾರಿದ ಪೆಟ್ಟಿಗೆಯಾದ್ದರಿಂದ ಹಾಡಿನ ಪ್ಲೇಟುಗಳ ಜೊತೆ ಮೂರು ಇಂಗ್ಲಿಷ್ ಪ್ಲೇಟುಗಳೂ ಬಂದಿದ್ದವು. ನೀನು ಹಾಡಿನ ಪ್ಲೇಟು ಹಚ್ಚಿ ಅದರ ಜೊತೆ ಹಾಡುತ್ತಿದ್ದೆ. ಬೇಸಿಗೆಯಲ್ಲಿ ನಾನು ಮನೆಗೆ ಬಂದು, ಮಾಸ್ತರನ ಹೆಂಡತಿ ಕಂಪನಿಯವಳ ಹಾಗೆ ಹಾಡುವುದು ಒಳ್ಳೆಯದಲ್ಲವೆಂದು ಹೆಡ್‌ಮಾಸ್ತರ ಬಾಲಪ್ಪನವರು ಹೇಳಿದ್ದಾರೆ ಎಂದೆ. ನೀನು ಪೆಟ್ಟಿಗೆಯ ಮುಚ್ಚಳ ಹಾಕಿದೆ. ಸಾಲಿ ಶುರುವಾದ ಮೇಲೆ ಅದೇ ಪೆಟ್ಟಿಗೆಯನ್ನು ನಿನ್ನನ್ನು ಒಂದು ಮಾತೂ ಕೇಳದೆ ಹೊತ್ತುಕೊಂಡು ಸಾಲಿಗೆ ಹೋದೆ.

ಯಾಕೆ ಒಯ್ದೆನೆಂದು ಈಗಲಾದರೂ ಹೇಳುತ್ತೇನೆ. ನಮ್ಮ ಹುಡುಗರ ಗತಿ ನಿನಗೆ ಗೊತ್ತು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು, ಅದರ ಮೇಲೆ ಇಂಗ್ಲಿಷು. ಒಂದು ಇಂಗ್ಲಿಷ್ ಮಾತಿಗೆ ಉರ್ದುವಿನಲ್ಲಿ ಅರ್ಥ ಹೇಳಿ, ಆ ಉರ್ದುವಿಗೆ ಮತ್ತೆ ಕನ್ನಡದಲ್ಲಿ ಅರ್ಥ ಹೇಳುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಆ ಭಾಷೆ ಕಿವಿಗೆ ಬೀಳಲಿ ಎಂಬ ಆಸೆ ನನ್ನದು. ಅದರಲ್ಲಿ ಸುಳ್ಳಿಲ್ಲ.

ಆದರೆ ಆ ಮೂರರಲ್ಲಿ ಮಕ್ಕಳ ಪಾಠದ ಪ್ಲೇಟೊಂದನ್ನು ಮೊದಲ ಸಲ ಹಚ್ಚಿದಾಗ ನನಗೇ ಒಂದು ಅಕ್ಷರ ತಿಳಿಯಲಿಲ್ಲ, ಹುಲಿಗವ್ವ. ನಾನು ಇಂಗ್ಲಿಷ್ ಕಲಿತದ್ದು ಪುಸ್ತಕದಿಂದ, ನನಗೆ ಕಲಿಸಿದವರೂ ಪುಸ್ತಕದಿಂದಲೇ ಕಲಿತವರು. ಇಂಗ್ಲಿಷರು ಬಾಯಿ ಬಿಟ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗುಬ್ಬಿಗಳು ಜಗಳಾಡಿದಂತೆ ಕೇಳಿಸಿತು. ಯಂತ್ರವೇ ಕೆಟ್ಟು ಓಡುತ್ತಿದೆ ಎಂದುಕೊಂಡು, ವೇಗ ಹೆಚ್ಚುಕಡಿಮೆ ಮಾಡುವ ಆ ಸಣ್ಣ ಕಡ್ಡಿಯನ್ನು, ಪ್ರತಿ ಮಾತೂ ನನಗೆ ತಿಳಿಯುವವರೆಗೆ ಹಿಂದಕ್ಕೆ ಸರಿಸಿದೆ. ಆಗ ಪೆಟ್ಟಿಗೆಯೊಳಗಿಂದ ಒಬ್ಬ ಘನವಾದ ಗಂಡಸಿನ ದನಿ ಬಂತು. ಒಂದೊಂದು ಮಾತನ್ನೂ ಎಳೆದೆಳೆದು ಆಡುತ್ತಿದ್ದ. ಪ್ಲೇಟಿನ ನಡುವಿನ ಚೀಟಿ ಹರಿದಿದ್ದರಿಂದ ಅವನ ಹೆಸರು ಗೊತ್ತಾಗಲಿಲ್ಲ. ಯಾರೋ ದೊಡ್ಡ ಸಾಹೇಬನಿರಬೇಕು, ಇದೇ ದೊರೆಗಳ ಗತ್ತು ಎಂದುಕೊಂಡೆ.

ಮನೆಗೆ ತಂದು ರೂಢಿ ಮಾಡುತ್ತಿದ್ದಾಗ ನೀನು ಒಲೆಯ ಮುಂದಿನಿಂದಲೇ, "ಏನ್ರೀ, ಅದು ಹೆಣ್ಮಗಳ ದನಿ. ಭಾಳ ಸಾವಕಾಶ ಬಿಟ್ಟೀರಿ, ಕಡ್ಡಿ ಮುಂದ ಸರಸ್ರಿ" ಎಂದೆ. ನಿನಗೆ ಇಂಗ್ಲಿಷ್ ತಿಳಿಯುತ್ತದೇನು ಎಂದು ನಾನು ಗದರಿದೆ. "ಇಂಗ್ಲಿಷ್ ತಿಳಿಯಂಗಿಲ್ರಿ, ದನಿ ತಿಳಿತೈತಿ" ಎಂದು ಹೇಳಿ ರೊಟ್ಟಿ ತಿರುವಿ ಹಾಕಿದೆ. ಆ ವಾರವೇ ಪಂಚಮಿ.

ನೀನು ಹೋದ ಮೇಲೆ ತರಗತಿ ಬಹಳ ಚೆನ್ನಾಗಿ ನಡೆಯಿತು, ಅದನ್ನೂ ಹೇಳಬೇಕು. ಇಂಗ್ಲಿಷ್ ಪಾಠವೆಂದರೆ ಹೊಲಕ್ಕೆ ಓಡುತ್ತಿದ್ದವರು ಗಂಟೆಗೆ ಮೊದಲೇ ಬಂದು ಕೂಡತೊಡಗಿದರು. ಬಾಗಿಲು ತೆರೆ, ಕಿಟಕಿ ಮುಚ್ಚು ಎಂಬ ಪಾಠದ ಮಾತುಗಳು ಎಲ್ಲರಿಗೂ ಬಾಯಿಪಾಠವಾದವು. ಪ್ಲೇಟಿನ ಮಗ್ಗುಲು ಬದಲಿಸಿದರೆ ಬೆಳಗಿನ ಹೊತ್ತನ್ನು ಕುರಿತ ಒಂದು ಹಾಡು. ಅದನ್ನೂ ಕಲಿತರು. ಯುದ್ಧದಿಂದಾಗಿ ಗ್ರಾಮಫೋನಿನ ಸೂಜಿ ಸಿಗದೆ ಹೋದಾಗ ಜಾಲಿಮುಳ್ಳು ಕೊಯ್ದು ತಂದು ಚೂಪು ಮಾಡಿ ಹಾಕಿದೆವು. ಆ ಮುಳ್ಳಿನಿಂದಲೂ ಸಾಹೇಬ ಮಾತಾಡಿದ.

ಹೋದ ಮಂಗಳವಾರ ರಾಯಚೂರಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ನಲವತ್ತು ಹುಡುಗರು ಎದ್ದು ನಿಂತು, ಗದ್ದ ಎದೆಗೆ ಒತ್ತಿ, ಹೊಟ್ಟೆಯೊಳಗಿಂದ ದನಿ ತೆಗೆದು, "ಓ...ಪನ್ ದ ಡೋ...ರ್" ಎಂದರು. ಕೊಟ್ಟಿಗೆಯಲ್ಲಿ ಎಮ್ಮೆಗಳೆಲ್ಲ ಒಮ್ಮೆಲೆ ಕೂಗಿದಂತಾಯಿತು. ಹಾಡನ್ನೂ ಹಾಗೆಯೇ ಹಾಡಿದರು. ಸಾಹೇಬರು, ಈ ಮಕ್ಕಳಿಗೆ ನೆಗಡಿಯೇ ಎಂದು ಉರ್ದುವಿನಲ್ಲಿ ಕೇಳಿದರು. ನಾನು ಹೆಮ್ಮೆಯಿಂದ ಪೆಟ್ಟಿಗೆ ತೋರಿಸಿ ಪ್ಲೇಟು ಹಚ್ಚಿದೆ. ಅವರು ಒಂದು ಗಳಿಗೆ ಕೇಳಿದರು. ಎದ್ದು ಬಂದು, ಕೀಲಿ ಪೂರಾ ಕೊಟ್ಟು, ಕಡ್ಡಿಯನ್ನು ಮುಂದಕ್ಕೆ ಸರಿಸಿದರು. ಪೆಟ್ಟಿಗೆಯೊಳಗಿಂದ ಒಬ್ಬ ಹೆಣ್ಣುಮಗಳು ನಗುನಗುತ್ತ ಮಾತಾಡಿದಳು.

ಹುಡುಗರೆಲ್ಲ, "ಮಾಸ್ತರ್ರ, ಇದು ಹೆಣ್ಮಗಳ ದನಿ ಐತ್ರಿ!" ಎಂದು ಕೂಗಿದರು. ಸಾಹೇಬರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಬಾಲಪ್ಪನವರು ನಗಲಿಲ್ಲ, ಗೋಡೆಯ ಕಡೆ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಾಹೇಬರು ಒಳ್ಳೆಯ ಮನುಷ್ಯ. ಒಂದು ಮಾತೂ ತಪ್ಪದೆ ಕಲಿತಿದ್ದಾರೆ, ಇಂಥ ಪಾಠ ನಾನು ಎಲ್ಲೂ ನೋಡಿಲ್ಲ, ಬಿಡಬೇಡಿ ಎಂದರು. ಸಂಕ್ರಾಂತಿಯಾದ ಮೇಲೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಸರಿಯಾದ ದನಿ ಕಲಿಸಿರಿ, ಆಮೇಲೆ ನಿಮ್ಮನ್ನು ಕಾಯಂ ಮಾಡಲು ಬರೆಯುತ್ತೇನೆ ಎಂದರು. ಹೊರಡುವಾಗ, ಇಷ್ಟು ದಿನ ಮನೆಯಲ್ಲಿ ರೂಢಿ ಮಾಡಿದ್ದೀರಿ, ದನಿ ತಪ್ಪಾಗಿದೆ ಎಂದು ಯಾರೂ ಹೇಳಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಯಂತ್ರ ಯಾರದೆಂದು ಕೇಳಿದರು. ನನ್ನದು ಎಂದೆ. ಎರಡು ಪ್ರಶ್ನೆ, ಎರಡು ಸುಳ್ಳು. ಆ ಹೊತ್ತಿನಿಂದ ನನಗೆ ಅನ್ನ ರುಚಿಸಿಲ್ಲ.

ಗ್ರಾಮಫೋನನ್ನು ನಾಳೆಯ ಬಸ್ಸಿಗೆ ಕಳಿಸುತ್ತಿದ್ದೇನೆ. ಡ್ರೈವರ್ ಶಬ್ಬೀರಸಾಬ ಗಂಗಾವತಿಯಲ್ಲಿ ಇನ್ನೊಂದು ಬಸ್ಸಿಗೆ ಹಾಕಿಸಿ ನಿನ್ನ ಕೈಗೇ ಮುಟ್ಟುವಂತೆ ಮಾಡುತ್ತೇನೆ ಎಂದಿದ್ದಾನೆ. ಇಂಗ್ಲಿಷ್ ಪ್ಲೇಟುಗಳನ್ನೂ ಇಟ್ಟಿದ್ದೇನೆ, ಅವೂ ನಿನ್ನವೇ. ಸಂಕ್ರಾಂತಿಯ ಚಿಂತೆ ನನಗಿರಲಿ, ಹುಡುಗರ ದನಿ ತಿದ್ದಿಸಿ ನೌಕರಿ ಕಾಯಂ ಮಾಡಿಕೊಳ್ಳಲು ಕರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಾರದು.

ನೆರೆಮನೆಯ ಅಬೇದಾಬಿ ದಿನಾ ನೀರಿಗೆ ಹೋಗುವಾಗ, "ನಿಮ್ಮಾಕಿ ಯಾವಾಗ ಬರ್ತಾಳ್ರಿ ಮಾಸ್ತರ? ಓಣಿಗೆ ಮಾತ ಇಲ್ಲದಂಗ ಆಗೇತಿ" ಎನ್ನುತ್ತಾಳೆ. ಬರುತ್ತಾಳೆ ಎಂದು ಹೇಳಿ ಒಳಗೆ ಬರುತ್ತೇನೆ. ನೀನಿಲ್ಲದೆ ನನಗೆ ಆಗುತ್ತಿಲ್ಲ, ಹುಲಿಗವ್ವ. ನೋಟೀಸು ಬರೆಯುವವನಿಗೆ ಇದೊಂದು ಸಾಲು ಬರೆಯಲು ಮೂರು ತಿಂಗಳು ಬೇಕಾಯಿತು. ಬರುವುದಾದರೆ ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ನೀನು ಮನೆಯಲ್ಲಿ ಹಾಡು. ಯಾರು ಏನೆಂದರೂ ನಾನು ಉತ್ತರ ಹೇಳಿಕೊಳ್ಳುತ್ತೇನೆ. ಅತ್ತೆ ಮಾರೆವ್ವನವರಿಗೆ ನಮಸ್ಕಾರ ತಿಳಿಸು.

ನಿನ್ನ
ಕನಕಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. "ಯಾರು ಏನೆಂದರೂ" ಎಂದು ಮೇಲೆ ಬರೆದದ್ದು ನಿಜವಲ್ಲ. ಯಾರೂ ಏನೂ ಅಂದಿರಲಿಲ್ಲ. ಬಾಲಪ್ಪನವರೂ ಅಂದಿರಲಿಲ್ಲ. ನಿನ್ನೆ ಅವರೇ ನನ್ನನ್ನು ನಿಲ್ಲಿಸಿ, "ನಿಮ್ಮ ಮನಿಯವರು ಹಾಡೋದು ಯಾಕ ಬಿಟ್ರು, ಛಲೋ ಹಾಡ್ತಿದ್ರಲ್ಲ?" ಎಂದು ಕೇಳಿದರು. ನೀನು ಹಾಡುವಾಗ ಓಣಿಯವರು ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮಾಸ್ತರರ ಮನೆ ಎನ್ನುತ್ತಿದ್ದವರು ಹುಲಿಗವ್ವನ ಮನೆ ಎನ್ನತೊಡಗಿದರು. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ನಿನ್ನ ಬಾಯಿ ಮುಚ್ಚಿಸಿದವನು ನಾನೊಬ್ಬನೇ. ಇದನ್ನು ಓದಿದ ಮೇಲೂ ಮನಸ್ಸಾದರೆ ಬಾ.